ಮೊಲದ ಕಲೆ, ಕೆನೆಯ ಕಲ್ಲು



ನಮ್ಮ ಅಜ್ಜಿಯರು ಚಂದ್ರನಲ್ಲಿ ಕಂಡ ಮೊಲವನ್ನೇ ನೋಮಿಯ ಅಜ್ಜಿಯರೂ ಕಾಣುತ್ತಾರೆ. ಇಲ್ಲಿಯದು ಬೆಂದ ಅಕ್ಕಿಯನ್ನು ಕುಟ್ಟಿ ಮೋಚಿ ಮಾಡುತ್ತಿರುತ್ತದೆ. ಆ ಕಪ್ಪು ಕಲೆ, ಕ್ಷುದ್ರಗ್ರಹಗಳು ಅಪ್ಪಳಿಸಿ ಉಂಟಾದ ಬೋಗುಣಿಗಳಲ್ಲಿ ಬಹುಪಾಲು 300 ಕೋಟಿ ವರ್ಷಗಳಿಗೂ ಹಿಂದೆ ಲಾವಾ ತುಂಬಿ ಹೆಪ್ಪುಗಟ್ಟಿದ ಬಸಾಲ್ಟ್ ಬಯಲು. ಸುತ್ತಲಿನ ಬಿಳುಪು ಇನ್ನೂ ಹಳೆಯದು: ಕರಗಿದ ಶಿಲೆಯ ಕಡಲಿನಲ್ಲಿ ಹಗುರ ಹರಳುಗಳು ಹಾಲಿನ ಕೆನೆಯಂತೆ ಮೇಲೆ ತೇಲಿ ಕಟ್ಟಿದ ಅನಾರ್ಥೊಸೈಟ್ ತೊಗಟೆ. ಜಪಾನಿನ ಕಗುಯಾ ನೌಕೆ 2009ರವರೆಗೆ ಚಂದ್ರನನ್ನು ಸುತ್ತಿ, ಈ ಶಿಲೆಯನ್ನು ಬಲು ಶುದ್ಧ ರೂಪದಲ್ಲಿ ಗುರುತಿಸಿತು.

2023ರ ಆಗಸ್ಟ್ 23ರಂದು ವಿಕ್ರಮ್ 69 ಡಿಗ್ರಿ ದಕ್ಷಿಣದ ಬಳಿ ಇಳಿಯಿತು. ಮೂರೇ ದಿನಗಳಲ್ಲಿ ಬೆಂಗಳೂರಿನಲ್ಲಿ ಪ್ರಧಾನಿ ಆ ತಾಣಕ್ಕೆ ‘ಶಿವಶಕ್ತಿ’ ಎಂದು ಹೆಸರಿಟ್ಟರು. 1967ರ ಬಾಹ್ಯಾಕಾಶ ಒಪ್ಪಂದದಂತೆ ಯಾವ ದೇಶಕ್ಕೂ ಸೇರದ ನೆಲಕ್ಕೆ ಒಂದು ಧರ್ಮದ ಮುದ್ರೆ ಏಕೆ? ನನಗೆ ಒಪ್ಪಿಗೆಯಿಲ್ಲ. ಅದಕ್ಕಿಂತ ನೋವಿನದು, ಪ್ರಜ್ಞಾನ್ ಸುಮಾರು ನೂರು ಮೀಟರಿನ ದಾರಿಯಲ್ಲಿ 23 ಕಡೆ ಮಣ್ಣನ್ನು ಅಳೆದು ಅದೇ ಕೆನೆಯ ತೊಗಟೆಯನ್ನು ಕಂಡದ್ದು 2024ರಲ್ಲಿ ಪ್ರಕಟವಾದಾಗ ನಮ್ಮ ವಾಟ್ಸ್‌ಆ್ಯಪ್ ಗುಂಪುಗಳು ಮೌನವಾಗಿದ್ದವು. ಆ ಮಣ್ಣಿನಲ್ಲಿ ಎಣಿಸಿದ್ದಕ್ಕಿಂತ ಹೆಚ್ಚು ಮೆಗ್ನೀಸಿಯಂ ಇತ್ತು. ದಕ್ಷಿಣಧ್ರುವ–ಐಟ್ಕೆನ್ ಬೋಗುಣಿಯನ್ನು ತೋಡಿದ ಅಪ್ಪಳಿಕೆಯೇ ಅದನ್ನು ಆಳದಿಂದ ಎತ್ತಿ ಎರಚಿರಬೇಕು ಎಂಬುದು ವಿಜ್ಞಾನಿಗಳ ಊಹೆ.