ಕೌದಿಯ ಕಸಬು: ಹಳೆಯ ಸೀರೆ, ಹೊಸ ಲೆಕ್ಕ

(ಹೆಣ್ಣುಮಕ್ಕಳ ಗೃಹೋದ್ಯೋಗಗಳನ್ನು ಕುರಿತು ನೆರೆದ ಸಭೆಯೊಂದರಲ್ಲಿ ಮಾಡಿದ ಭಾಷಣ)



ಮನೆಯಲ್ಲಿ ಬಿದ್ದಿರುವ ಹಳೆಯ ಸಾಮಾನಿನಿಂದ ಕೈಗೆಲಸದ ಒಂದು ಸಣ್ಣ ವ್ಯಾಪಾರವನ್ನು ನಡೆಯಿಸಲು ಬರುವದೇ, ಬಂದರೆ ಅದರಿಂದ ಒಂದು ಸಂಸಾರಕ್ಕೆ ಆಸರೆಯಾದೀತೇ ಎಂಬ ಪ್ರಶ್ನೆಯನ್ನು ತಾವು ನಮ್ಮ ಮುಂದೆ ಇಟ್ಟಿದ್ದೀರಿ. ಪಟ್ಟಣದ ಸುಶಿಕ್ಷಿತರು ಈಚೆಗೆ ಇದಕ್ಕೆ ‘ಅಪ್‌ಸೈಕ್ಲಿಂಗ್’ ಎಂಬ ಹೆಸರು ಕೊಟ್ಟು, ಇದು ಪರದೇಶದಿಂದ ಬಂದ ಹೊಸ ಜ್ಞಾನವೋ ಎಂಬಂತೆ ಮಾತನಾಡುತ್ತಿರುವರು. ಹೆಸರಿನೊಡನೆ ನಮಗೆ ಜಗಳವಿಲ್ಲ. ಆದರೆ ಬೆಳಗಾವಿ, ಧಾರವಾಡ, ಗದಗ, ಬಾಗಲಕೋಟೆ, ವಿಜಯಪುರ ಈ ಸೀಮೆಗಳ ಹಳೆಯ ಮನೆಗಳಲ್ಲಿ ಹಾಸಿಗೆಯ ಗಂಟನ್ನು ಬಿಚ್ಚಿ ನೋಡಿದರೆ, ಈ ವಿದ್ಯೆಯು ಕೌದಿಯ ರೂಪದಲ್ಲಿ ಮಡಿಚಿ ಕುಳಿತಿರುವದು ಕಾಣುವದು. ಆದಕಾರಣ ಬುಟ್ಟಿ, ಬೊಂಬೆ, ಕಾಗದದ ಹೂವು ಮೊದಲಾದ ಹತ್ತು ಕಸಬುಗಳನ್ನು ಮೇಲೆ ಮೇಲೆ ಮುಟ್ಟಿ ಹೋಗುವದಕ್ಕಿಂತ, ಕೌದಿಯೊಂದನ್ನೇ ಹಿಡಿದು ಕೊನೆಯ ವರೆಗೆ ಲೆಕ್ಕ ಹಾಕಿ ನೋಡುವದು ಲೇಸೆಂದು ನಮಗೆ ತೋರಿದೆ.

ಕೌದಿಯೆಂದರೇನೆಂದು ಈ ಸಭೆಗೆ ಹೇಳಬೇಕಾಗಿಲ್ಲ. ಹಳೆಯ ಸೀರೆ, ಧೋತರಗಳನ್ನು ಪದರು ಪದರಾಗಿ ಹಾಸಿ, ಮೇಲೆ ಬಣ್ಣಬಣ್ಣದ ಚೌಕ, ಮುಕ್ಕೋಣಗಳನ್ನು ಹೊಂದಿಸಿ, ದಪ್ಪ ನೂಲಿನಿಂದ ಈ ತುದಿಯಿಂದ ಆ ತುದಿಯ ವರೆಗೆ ಸಾಲು ಹೊಲಿಗೆ ಹಾಕಿದರೆ ಕೌದಿಯಾಯಿತು. ಮಗ್ಗ ಬೇಡ, ಚೌಕಟ್ಟು ಬೇಡ; ಸೂಜಿ, ನೂಲು, ಕತ್ತರಿ ಮತ್ತು ಬೆಳಕು ಬೀಳುವ ಒಂದು ಪಡಸಾಲೆ ಇದ್ದರೆ ಸಾಕು. ಸಂಸ್ಕೃತದ ‘ಕಂಥಾ’ ಎಂಬ ಶಬ್ದವು ನಮ್ಮಲ್ಲಿ ಜೋಗಿಯ ಮೈಮೇಲಿನ ಕಂತೆಯಾಯಿತು. ಬಂಗಾಲದಲ್ಲಿ ಅದೇ ಶಬ್ದವು ಹಳ್ಳಿಯ ಹೆಂಗಳೆಯರ ಕಾಂಥಾ ಹೊಲಿಗೆಯಾಯಿತು. ನಮ್ಮ ಉತ್ತರ ಕನ್ನಡ ಜಿಲ್ಲೆಯ ಹಳಿಯಾಳ, ಯಲ್ಲಾಪುರ, ಮುಂಡಗೋಡ ತಾಲೂಕುಗಳ ಕಾಡಂಚಿನಲ್ಲಿ ವಾಸಿಸುವ ಸಿದ್ದಿ ಜನರಲ್ಲಿ ಇದರ ಹೆಸರು ಕವಂದಿ. ಆಫ್ರಿಕೆಯ ಮೂಲದ ಈ ಜನರನ್ನು ಸರಕಾರವು ೨೦೦೩ರಲ್ಲಿ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿಸಿತು. ಸಿದ್ದಿ ಹೆಣ್ಣುಮಗಳು ಅಂಚಿನಿಂದ ಹೊಲಿಗೆಯನ್ನು ತೊಡಗಿ, ಸುತ್ತಿ ಸುತ್ತಿ ನಡುವಿಗೆ ಬರುವಳು. ಮೂಲೆಗಳಲ್ಲಿ ಮಡಿಚಿದ ಮುಕ್ಕೋಣದ ತುಂಡುಗಳನ್ನು ‘ಫೂಲ’ ಎಂದು, ಅಂದರೆ ಹೂವೆಂದು, ಕೂಡಿಸದ ಹೊರತು ಕೆಲಸ ಮುಗಿಯಿತೆನ್ನಳು. ಹೂವಿಲ್ಲದ ಕವಂದಿಯು ಅವಳ ಕಣ್ಣಿಗೆ ಬತ್ತಲೆಯಾದದ್ದು. ಇಂಥ ಕವಂದಿಗಳು ಅಮೇರಿಕೆಯ ಪ್ರದರ್ಶನಾಲಯಗಳ ಗೋಡೆಯ ಮೇಲೆ ತೂಗಿವೆ. ನಮ್ಮಲ್ಲಿಯ ಮಾನ್ಯ ಗೃಹಸ್ಥರ ಮನೆಗಳಲ್ಲಿ ಮಾತ್ರ ಅತಿಥಿಗಳು ಬಂದರೆ ಕೌದಿಯನ್ನು ಒಳಗೆ ಸರಿಸಿ, ಅಂಗಡಿಯ ಚಾದರವನ್ನು ಹೊರಗೆ ಹಾಸುವ ವಾಡಿಕೆ ನಡೆದಿದೆ!

ಇರಲಿ. ವ್ಯಾಪಾರವೆಂದ ಬಳಿಕ ಮೊದಲು ಸರಕಿನ ವಿಚಾರ. ಸೀರೆಗಳು ಮೂರು ದಾರಿಗಳಿಂದ ಬರುತ್ತವೆ: ತಮ್ಮ ಮನೆಯವು ಮತ್ತು ನೆಂಟರ ಮನೆಯವು; ಹಳೆಯ ಬಟ್ಟೆಗೆ ಪಾತ್ರೆ ಕೊಟ್ಟು ಓಣಿ ಓಣಿ ತಿರುಗುವವರಿಂದ ಕೊಂಡವು; ಸಿಂಪಿಗರ ಅಂಗಡಿಯ ಚಿಂದಿ. ಹಳೆಯ ಬಟ್ಟೆ ಪುಕ್ಕಟೆಯೆಂಬ ಭಾವನೆಯನ್ನು ಇಲ್ಲಿಯೇ ಬಿಡತಕ್ಕದ್ದು. ಅದನ್ನು ಬಿಸಿನೀರಿನಲ್ಲಿ ತೊಳೆದು, ಬಿಸಿಲಿಗೆ ಹರವಿ, ಆರಿಸಿ, ಜೀರ್ಣವಾದ ಭಾಗವನ್ನು ಕತ್ತರಿಸಿ ತೆಗೆಯುವ ಹೊತ್ತಿಗೆ ಅರ್ಧ ದಿನ ಕಳೆದಿರುತ್ತದೆ. ಸೀರೆಯನ್ನು ಬೆಳಕಿಗೆ ಎದುರಾಗಿ ಹಿಡಿದು ನೋಡಬೇಕು. ಎರಡು ಹೆಬ್ಬೆರಳುಗಳಿಂದ ಅಡ್ಡಕ್ಕೂ ಉದ್ದಕ್ಕೂ ಎಳೆದು ನೋಡಬೇಕು. ಎಳೆತ ತಾಳಿದ ಭಾಗವು ಮೇಲಿನ ಪದರಕ್ಕೆ, ಸ್ವಲ್ಪ ಸಡಿಲಾದದ್ದು ಒಳಪದರಕ್ಕೆ, ಚರ್ರನೆ ಹರಿದದ್ದು ಯಾವುದಕ್ಕೂ ಅಲ್ಲ. ಅರಿವೆಯು ಹತ್ತಿಯದೋ ಕೃತ್ರಿಮ ನೂಲಿನದೋ ಎಂಬ ಸಂಶಯ ಬಂದರೆ ಎರಡು ಎಳೆಗಳನ್ನು ಕಿತ್ತು ದೀಪಕ್ಕೆ ಹಿಡಿಯಿರಿ. ಹತ್ತಿಯು ಕಾಗದದ ವಾಸನೆಯಿಂದ ಉರಿದು ಬೂದಿಯಾಗುವದು. ಪಾಲಿಯೆಸ್ಟರು ಕರಗಿ ಗಟ್ಟಿ ಮಣಿಯಾಗುವದು. ಕೃತ್ರಿಮ ನೂಲಿನ ಸೀರೆ ನೋಡಲು ಝಗಝಗಿಸಿದರೂ ಬೆವರನ್ನು ಹೀರದು. ಅದನ್ನು ಕೌದಿಗೆ ಹಾಕಿದವರು ಗಿರಾಕಿಯನ್ನು ಒಂದು ಬೇಸಿಗೆಯಲ್ಲಿ ಕಳೆದುಕೊಳ್ಳುವರು; ಚೀಲಕ್ಕೆ ಬೇಕಾದರೆ ಬಳಸಲಿ.

ಹಳೆಯ ಹತ್ತಿಯ ಸೀರೆಗೆ ಹೊಸದಕ್ಕಿಲ್ಲದ ಎರಡು ಗುಣಗಳಿವೆ. ನೂರಾರು ಸಲ ತೊಳೆಯಿಸಿಕೊಂಡ ಅದು ಕುಗ್ಗುವಷ್ಟು ಕುಗ್ಗಿ, ಬಿಡುವಷ್ಟು ಬಣ್ಣವನ್ನು ಬಿಟ್ಟು ಮೆತ್ತಗಾಗಿರುತ್ತದೆ. ಕೆಳಗಿನ ಪದರಕ್ಕೆ ಹೊಸ ಅರಿವೆಯನ್ನು ಹಾಕುವವರು ಅದನ್ನು ಮೊದಲೇ ತೊಳೆದು ಒಣಗಿಸಿಕೊಳ್ಳದಿದ್ದರೆ, ಮೊದಲನೆಯ ಒಗೆತಕ್ಕೇ ಹೊಸದು ಕುಗ್ಗಿ, ಹಳೆಯದು ನಿಂತು, ಕೌದಿಯೆಲ್ಲ ಸೊಟ್ಟಗಾಗುವದು. ಕೆಂಪು, ಕಡುನೀಲಿ ಬಣ್ಣಗಳ ಮೇಲೆ ಒದ್ದೆಯ ಬಿಳಿ ಅರಿವೆಯನ್ನು ಒತ್ತಿ ನೋಡುವದನ್ನೂ ಮರೆಯಬಾರದು.

ಇನ್ನು ನಾವು ಮುಖ್ಯವಾಗಿ ಹೇಳಬೇಕೆಂದು ಬಂದಿರುವ ಮಾತು. ಈ ಕಸಬಿನ ಬಂಡವಲು ಹಳೆಯ ಸೀರೆಯಲ್ಲ, ಹೊಲಿಯುವವಳ ತಾಸುಗಳು. ಸೀರೆಗೆ ಬೆಲೆ ಕಟ್ಟುವ ನಾವು ತಾಸಿಗೆ ಬೆಲೆ ಕಟ್ಟುವದಿಲ್ಲ. ‘ಮನೆಯಲ್ಲಿ ಕುಳಿತು ಬಿಡುವಿನಲ್ಲಿ ಹೊಲಿದದ್ದು’ ಎಂಬ ಒಂದು ವಾಕ್ಯದಿಂದ ಅವಳ ದುಡಿಮೆಯೆಲ್ಲ ಸೊನ್ನೆಯಾಗಿ ಬಿಡುವದು. ಈ ಸೊನ್ನೆಯನ್ನು ತಾವು ನಮ್ಮೊಡನೆ ಒಮ್ಮೆ ಬಿಡಿಸಿ ನೋಡಬೇಕು. ಇಲ್ಲಿ ಶಾಲೆಯ ಗುರುಗಳು ಅನೇಕರಿದ್ದಾರೆ. ತಪ್ಪಿದಲ್ಲಿ ಕೂಡಲೆ ತಿದ್ದಲಿ.

ಒಂದೂವರೆ ಮೀಟರು ಅಗಲ, ಎರಡು ಮೀಟರು ಇಪ್ಪತ್ತು ಸೆಂಟಿಮೀಟರು ಉದ್ದದ ಒಂದು ಕೌದಿಯನ್ನು ತೆಗೆದುಕೊಳ್ಳೋಣ. ನಾಲ್ಕು ಪದರುಗಳಾದರೆ, ಹಳತಾದ ಭಾಗಗಳನ್ನು ತೆಗೆದು, ಸುಮಾರು ಮೂರು ಸೀರೆಗಳು ಬೇಕು. ಹೊಲಿಗೆಯ ಸಾಲಿನಿಂದ ಸಾಲಿಗೆ ಒಂದು ಸೆಂಟಿಮೀಟರು ಅಂತರವಿಟ್ಟರೆ ೧೫೦ ಸಾಲುಗಳಾದವು. ಪ್ರತಿಯೊಂದು ಸಾಲು ೨.೨ ಮೀಟರು; ಒಟ್ಟಿಗೆ ೩೩೦ ಮೀಟರು ಹೊಲಿಗೆ. ಸೆಂಟಿಮೀಟರಿಗೆ ಒಂದು ಹೊಲಿಗೆಯೆಂದರೂ ೩೩,೦೦೦ ಹೊಲಿಗೆಗಳು! ನುರಿತ ಕೈಯು ನಿಮಿಷಕ್ಕೆ ಹತ್ತು ಹೊಲಿಗೆ ಹಾಕುವದೆಂದು ಹಿಡಿಯಿರಿ. ೩,೩೦೦ ನಿಮಿಷಗಳು, ಅಂದರೆ ೫೫ ತಾಸುಗಳಾದವು. ಅಡಿಗೆ, ನೀರು, ಮಕ್ಕಳು ಇವೆಲ್ಲವುಗಳ ನಡುವೆ ದಿನಕ್ಕೆ ಐದು ತಾಸು ಕುಳಿತರೆ ಹನ್ನೊಂದು ದಿನ. ತೊಳೆಯುವದು, ಕತ್ತರಿಸುವದು, ಹೊಂದಿಸುವದು, ಅಂಚು ಕಟ್ಟುವದು ಇದಕ್ಕೆ ಮತ್ತೆ ಎಂಟು ತಾಸು ಸೇರಿಸಿದರೆ ಒಟ್ಟು ೬೩ ತಾಸುಗಳು.

ತಾಸಿಗೆ ೬೦ ರೂಪಾಯಿ ಇಡೋಣ. ಎಂಟು ತಾಸಿನ ದಿನಕ್ಕೆ ೪೮೦ ರೂಪಾಯಿಯಾಯಿತು. ಇದು ಯಾರಿಗೂ ಹೊಟ್ಟೆಕಿಚ್ಚು ತರುವ ಸಂಬಳವಲ್ಲ. ದುಡಿಮೆಗೆ ೩,೭೮೦, ಸೀರೆ, ನೂಲು, ಸಾಬೂನಿಗೆ ೪೨೦, ಕೂಡಿ ೪,೨೦೦. ಪ್ರದರ್ಶನಕ್ಕೆ ಹೋಗಿ ಬರುವ ಖರ್ಚು, ಮಾರಾಟವಾಗದೆ ಉಳಿದ ಮಾಲು, ಇವಕ್ಕಾಗಿ ಐದನೆಯ ಒಂದು ಪಾಲು ೮೪೦ ಸೇರಿಸಿದರೆ ೫,೦೪೦ ರೂಪಾಯಿ. ಇದು ಲಾಭವಿಲ್ಲದ ಬೆಲೆ. ಇದೇ ಕೌದಿಯನ್ನು ಸಂತೆಯಲ್ಲಿ ೧,೫೦೦ಕ್ಕೆ ಕೇಳಿ, ‘ಹಳೇ ಬಟ್ಟೆಗೆ ಇಷ್ಟೇಕೆ?’ ಎಂದು ಹುಬ್ಬೇರಿಸುವವರನ್ನು ನಾವು ಕಣ್ಣಾರೆ ಕಂಡಿದ್ದೇವೆ. ಸರಕಿನ ೪೨೦ನ್ನು ಕಳೆದರೆ ಉಳಿದದ್ದು ೧,೦೮೦. ಅದನ್ನು ೬೩ ತಾಸುಗಳಿಗೆ ಹಂಚಿದರೆ ತಾಸಿಗೆ ಹದಿನೇಳು ರೂಪಾಯಿ. ಹೋಗಿಬರುವ ಬಸ್ಸಿನ ಖರ್ಚನ್ನು ಇನ್ನೂ ಹಿಡಿದಿಲ್ಲ. ತಾಯಿಯ ಈ ಲೆಕ್ಕವನ್ನು ಮಗಳು ಬಾಯಿ ತೆರೆಯದೆ ಮಾಡಿ ಮುಗಿಸಿರುತ್ತಾಳೆ; ಆದ್ದರಿಂದಲೇ ಅವಳು ಸೂಜಿಯನ್ನು ಹಿಡಿಯಲೊಲ್ಲಳು. ಕೌದಿಯ ವಿದ್ಯೆ ನಶಿಸುತ್ತಿದೆಯೆಂದು ಮರುಗುವ ನಮ್ಮ ಬರಹಗಾರರು ಮೊದಲು ಈ ಹದಿನೇಳು ರೂಪಾಯಿಗೆ ಉತ್ತರ ಕೊಡಬೇಕು.

‘ಇಷ್ಟು ತುಟ್ಟಿಯಾದರೆ ಕೊಳ್ಳುವವರಾರು?’ ಎಂದು ತಾವು ಕೇಳುವಿರಿ. ಈ ಪ್ರಶ್ನೆಯನ್ನು ಖಾದಿಯ ವಿಷಯದಲ್ಲಿ ಒಮ್ಮೆ ಕೇಳಲಾಗಿತ್ತು. ೧೯೩೫ರಲ್ಲಿ ಗಾಂಧಿಯವರು, ನೂಲುವವಳಿಗೆ ಹೊಟ್ಟೆ ತುಂಬುವಷ್ಟು ಕೂಲಿ ಸಿಗಲೇಬೇಕೆಂದು ಹಟ ಹಿಡಿದರು. ಖಾದಿಯ ಬೆಲೆ ಏರುವದೆಂದು ಬಲ್ಲವರು ಎಚ್ಚರಿಸಿದರೂ ಅಖಿಲ ಭಾರತ ಚರಖಾ ಸಂಘವು ಕೂಲಿಯನ್ನು ಏರಿಸಿತು. ಕಡಿಮೆ ಬೆಲೆಯ ಖಾದಿಯನ್ನು ನೂಲುವವಳ ಹಸಿವೆಯಿಂದ ಕೊಳ್ಳಬಾರದೆಂಬುದು ಅಂದಿನ ನಿಲುವು. ಕೌದಿಯನ್ನು ಕೊಳ್ಳುವವನ ಮುಂದೆ ಈ ನಿಲುವನ್ನು ಇಡಲು ನಾವು ನಾಚಬೇಕಾದ ಕಾರಣವಿಲ್ಲ.

ಅದರ ಜೊತೆಗೆ ಜಾಣತನವೂ ಬೇಕು. ಬೆಲೆಯನ್ನು ಇಳಿಸಲು ಕೂಲಿಯನ್ನಲ್ಲ, ಹೊಲಿಗೆಯ ಅಂತರವನ್ನು ಬದಲಿಸಬಹುದು. ಸಾಲುಗಳ ನಡುವೆ ಎರಡು ಸೆಂಟಿಮೀಟರು ಬಿಟ್ಟರೆ ಹೊಲಿಗೆಗಳು ಅರ್ಧಕ್ಕೆ ಇಳಿಯುವವು. ಮೇಲಿನಂತೆಯೇ ಲೆಕ್ಕ ಹಾಕಿದರೆ ಬೆಲೆ ೩,೦೬೦ಕ್ಕೆ ನಿಲ್ಲುವದು. ಆದರೆ ಕೌದಿಯು ಅಷ್ಟು ಗಟ್ಟಿಯಾಗದು. ಎರಡು ತರಹದವನ್ನೂ ಮಾಡಿ, ಪ್ರತಿಯೊಂದಕ್ಕೂ ಅದರ ಅಂತರ, ತಾಸು, ಹೊಲಿದವಳ ಹೆಸರು ಇವನ್ನು ಬರೆದ ಚೀಟಿಯನ್ನು ಕಟ್ಟಿದರೆ, ಗಿರಾಕಿಯು ತಾನು ಯಾವುದಕ್ಕೆ ಹಣ ಕೊಡುತ್ತಿರುವೆನೆಂದು ತಿಳಿದು ಕೊಡುವನು. ಒಂದು ಮೀಟರು ಚೌಕದ ಕೂಸಿನ ಕೌದಿಯು ಹದಿನೇಳು ತಾಸಿನ ಹೊಲಿಗೆಯಲ್ಲಿ ಮುಗಿಯುವದು. ಬಾಣಂತಿಯ ಮನೆಗೆ ಒಯ್ಯುವ ಉಡುಗೊರೆಯಾಗಿ ಅದಕ್ಕೆ ಬೇಡಿಕೆಯೂ ಉಂಟು. ಹೊಸದಾಗಿ ತೊಡಗುವವರು ಅದರಿಂದಲೇ ತೊಡಗುವದು ಕ್ಷೇಮ.

ಯಂತ್ರದ ಮಾತು ಬಂದೇ ಬರುವದು. ಯಂತ್ರದಿಂದ ಹೊಲಿದರೆ ಒಂದೇ ದಿನದ ಕೆಲಸ, ನಿಜ. ಆದರೆ ಒತ್ತಾದ ಯಂತ್ರದ ಹೊಲಿಗೆಯು ಸವೆದ ಅರಿವೆಯನ್ನು ಸಾಲಾಗಿ ತೂತು ಮಾಡಿ, ಅದೇ ಗೆರೆಯಲ್ಲಿ ಹರಿಯುವಂತೆ ಮಾಡುವದು. ಕೈಹೊಲಿಗೆಯ ಸಡಿಲಿನಿಂದ ಬರುವ ಮೆತ್ತನೆಯ ಗುಣವೂ ಅದಕ್ಕಿಲ್ಲ. ಯಂತ್ರದ್ದನ್ನು ಯಂತ್ರದ್ದೆಂದು ಮಾರುವವರ ಮೇಲೆ ನಮ್ಮ ತಕರಾರಿಲ್ಲ. ಹೊಸ ಥಾನಿನ ಅರಿವೆಯನ್ನು ತುಂಡು ಮಾಡಿ, ಹಳೆಯದರಂತೆ ಮಾಸಿಸಿ, ‘ಅಜ್ಜಿಯ ಕೌದಿ’ ಎಂದು ಮಾರುವದಕ್ಕೆ ಮಾತ್ರ ಬೇರೆ ಹೆಸರಿದೆ. ಅದನ್ನು ಈ ಸಭೆಯಲ್ಲಿ ಆಡುವದು ಬೇಡ. ಬಂಗಾಲದ ಉದಾಹರಣೆಯು ನಮ್ಮ ಕಣ್ಣೆದುರಿಗಿದೆ. ಗುರುಸದಯ ದತ್ತರು (೧೮೮೨–೧೯೪೧) ಸರಕಾರದ ಅಧಿಕಾರಿಯಾಗಿದ್ದೂ ಕಾಂಥಾಗಳನ್ನು ಕೂಡಿಸಿ ಕಾಯ್ದಿಟ್ಟರು. ಅವರ ಸಂಗ್ರಹವು ಕಲಕತ್ತೆಯ ಬಳಿಯ ಜೋಕಾದಲ್ಲಿ ಅವರ ಹೆಸರಿನ ಸಂಗ್ರಹಾಲಯವಾಯಿತು. ಇಂದು ಕಾಂಥಾ ಎಂದು ಪೇಟೆಯಲ್ಲಿ ಕೇಳಿದರೆ ಬಹಳ ಮಾಡಿ ಹೊಸ ರೇಶಿಮೆಯ ಸೀರೆಯ ಮೇಲಿನ ಕಸೂತಿಯನ್ನು ತೋರಿಸುವರು. ಅದರಿಂದ ಸಾವಿರಾರು ಹೆಣ್ಣುಮಕ್ಕಳಿಗೆ ಕೆಲಸ ಸಿಕ್ಕಿದೆ. ಅದನ್ನು ಹಳಿಯುವದು ಅನ್ಯಾಯ. ಆದರೆ ಹೊಲಿಗೆ ಉಳಿದು ಹಳೆಯ ಸೀರೆ ಹೋಯಿತು.

ಹಳೆಯ ಸೀರೆಯೂ ಉಳಿದು, ಹೊಲಿದವಳಿಗೂ ಪೂರಾ ಕೂಲಿ ಸಿಗುವ ದಾರಿಯೊಂದಿದೆ. ನಮ್ಮ ಮಟ್ಟಿಗೆ ಅದೇ ಈ ಕಸಬಿನ ರಾಜಮಾರ್ಗ. ಸೀರೆಗಳು ಗಿರಾಕಿಯವು, ಹೊಲಿಗೆ ನಮ್ಮದು. ಬೆಂಗಳೂರಿನಲ್ಲಿಯೋ ಪುಣೆಯಲ್ಲಿಯೋ ನೌಕರಿಗಿರುವ ಮಗನ ಕಪಾಟಿನಲ್ಲಿ ತೀರಿಹೋದ ತಾಯಿಯ ಇಳಕಲ್ಲ ಸೀರೆಗಳು ಇರುತ್ತವೆ. ಉಡುವವರಿಲ್ಲ, ಪಾತ್ರೆಯವಳಿಗೆ ಕೊಡಲು ಮನಸ್ಸು ಬಾರದು. ಅವನಿಗೆ ಆ ಸೀರೆಗಳದೇ ಕೌದಿ ಬೇಕು. ಹಳೆಯ ಬಟ್ಟೆಗೆ ಇಷ್ಟೇಕೆ ಎಂಬ ಪ್ರಶ್ನೆಯೇ ಅಲ್ಲಿ ಏಳದು, ಯಾಕಂದರೆ ಬಟ್ಟೆಯು ಅವನದೇ; ಅವನು ಕೊಡುವದು ಬರಿಯ ಹೊಲಿಗೆಗೆ. ನಮ್ಮ ಕಡೆಗೆ ಸರಕಿನ ಬಂಡವಲಿಲ್ಲ, ಮಾರಾಟವಾಗದ ಮಾಲಿಲ್ಲ, ಯಾರದೋ ಉಟ್ಟ ಬಟ್ಟೆಯೆಂಬ ಹೇಸಿಕೆಯೂ ಇಲ್ಲ.

ಇದನ್ನು ನಡೆಯಿಸಲು ನಾಲ್ಕೈದು ಹೆಣ್ಣುಮಕ್ಕಳು ಕೂಡಿದರೆ ಸಾಕು. ಉದ್ಯಮ ನೋಂದಣಿಯು ೨೦೨೦ರ ಜುಲೈ ೧ರಿಂದ ನಡೆದಿದ್ದು, ಅದಕ್ಕೆ ಸರಕಾರವು ಶುಲ್ಕ ಕೇಳುವದಿಲ್ಲ. ಹಣ ಕೇಳುವ ಮಧ್ಯಸ್ಥರನ್ನು ದೂರವಿಡಿರಿ. ಮೊಬಾಯಿಲಿನಲ್ಲಿ ಚಿತ್ರಗಳನ್ನು ಹಗಲು ಬೆಳಕಿನಲ್ಲಿ ತೆಗೆದು ಕಳಿಸಿರಿ. ಅದರಂತೆಯೇ ಮತ್ತೊಂದು ಬಾರದೆಂದೂ ಸ್ಪಷ್ಟ ಬರೆಯಿರಿ. ಅರ್ಧ ಹಣವನ್ನು ಮುಂಗಡವಾಗಿ ತೆಗೆದುಕೊಳ್ಳದೆ ಕತ್ತರಿ ಹಚ್ಚಬೇಡಿರಿ. ಒಂದು ವಹಿಯಲ್ಲಿ ಯಾರು ಎಷ್ಟು ತಾಸು ಕುಳಿತರೆಂದು ಅಂದಂದೇ ಬರೆದಿಡಬೇಕು. ಬರೆಯಲು ಬಾರದವರಿದ್ದಲ್ಲಿ ಊರ ಶಾಲೆಯ ಗುರುಗಳು ವಾರಕ್ಕೊಂದು ಸಂಜೆಯನ್ನು ಇದಕ್ಕೆ ಕೊಡಲಿ. ಇದಕ್ಕಿಂತ ಒಳ್ಳೆಯ ವಯಸ್ಕರ ಗಣಿತದ ಪಾಠ ನಮಗೆ ಕಾಣದು. ಮಹಾನವಮಿಯ ಮುಂಚೆ ಮನೆಮನೆಯ ಹಾಸಿಗೆಗಳು ತೊಳೆಯಲು ಹೊರಬೀಳುವ ಕಾಲದಲ್ಲಿ ಹಳೆಯ ಕೌದಿಗಳ ರಿಪೇರಿಯ ಕೆಲಸವನ್ನೂ ಕೇಳಿ ತರಬಹುದು.

ಗಿರಾಕಿಯ ಸೀರೆಗಳು ಬಂದ ದಿನವೇ ಎಷ್ಟು, ಯಾವ ಬಣ್ಣದವು, ಎಲ್ಲಿ ಹರಿದಿವೆಯೆಂದು ಬರೆದು ಪಾವತಿ ಕೊಡಿರಿ. ಯಾವುದನ್ನು ಕತ್ತರಿಸಬಹುದು, ಯಾವ ಸೆರಗನ್ನು ಇಡಿಯಾಗಿ ಉಳಿಸಬೇಕೆಂದು ಅವರಿಂದಲೇ ಕೇಳಿ ತಿಳಿಯಿರಿ. ಕೌದಿಯು ಮುಗಿದ ಮೇಲೆ ಉಳಿದ ತುಂಡುಗಳನ್ನು, ಅಂಗೈಯಗಲದವಿದ್ದರೂ ಸರಿಯೆ, ಗಂಟು ಕಟ್ಟಿ ಅದರ ಜೊತೆಯಲ್ಲಿಯೇ ಹಿಂದಕ್ಕೆ ಕಳಿಸಿರಿ. ಅವುಗಳಲ್ಲಿ ಯಾವುದು ಯಾರ ಮದುವೆಯ ಸೀರೆಯದೋ ನಮಗೆ ತಿಳಿಯದು.