ಅಜ್ಜನ ಕೋವಿಗೆ ಹಿಡಿದ ತುಕ್ಕು

ಈ ವಾರದ ಮಾತು ತುಕ್ಕಿನ ಬಗ್ಗೆ. ನಗಬೇಡಿ, ಕೇಳಿ.

ಹೋದ ವರ್ಷ ಆಗಸ್ಟ್ ಕೊನೆಯಲ್ಲಿ ಕೊಡಗಿನ ಗೆಳೆಯ ಫೋನ್ ಮಾಡಿದ. ಸೆಪ್ಟೆಂಬರ್ 3ಕ್ಕೆ ಕೈಲ್ ಮುಹೂರ್ತ. ಅವತ್ತು ಮನೆಯ ಕೋವಿ, ಕತ್ತಿಗಳಿಗೆ ತೋಕ್ ಪೂ ಮುಡಿಸಿ ಪೂಜೆ ಮಾಡ್ತಾರೆ. ಮಳೆಗಾಲದ ತೇವಕ್ಕೆ ಅಜ್ಜನ ಕೇಪಿನ ಕೋವಿ ಅಲ್ಲಲ್ಲಿ ಕೆಂಪಾಗಿತ್ತು. ಇವನು ಯಾವುದೋ ವಿಡಿಯೋ ನೋಡಿ, ನಳಿಗೆಯ ತುದಿಗೆ ವಿನೆಗರ್‌ನಲ್ಲಿ ನೆನೆಸಿದ ಬಟ್ಟೆ ಸುತ್ತಿಟ್ಟು ಮಲಗಿದ. ಬೆಳಿಗ್ಗೆ ತುಕ್ಕು ಹೋಗಿತ್ತು. ಜೊತೆಗೆ ಆ ನೀಲಿಗಪ್ಪು ಬಣ್ಣವೂ ಹೋಗಿತ್ತು. ಒಂದು ಗೇಣು ಉದ್ದಕ್ಕೆ ಬರೀ ಬೂದಿ ಬಣ್ಣ. "ಅಜ್ಜಿಗೆ ಏನ್ ಹೇಳ್ಲಿ ಮಾರಾಯ?" ಅಂದ.

ನಾನು ಬಿಕಾಂ ಓದಿದವನು, ಕೆಮಿಸ್ಟ್ರಿ ಆಮೇಲೆ ಓದ್ಕೊಂಡೆ. ಆ ಬಣ್ಣ ಪೇಂಟ್ ಅಲ್ಲ. ಅದನ್ನ ಬ್ಲೂಯಿಂಗ್ ಅಂತಾರೆ. ಅದೂ ಕಬ್ಬಿಣದ ಆಕ್ಸೈಡೇ, ಕೆಂಪು ತುಕ್ಕಿನ ಅಣ್ಣ ಅಂದ್ಕೊಳ್ಳಿ. ಆಮ್ಲಕ್ಕೆ ಅಣ್ಣ ಯಾರು, ತಮ್ಮ ಯಾರು ಗೊತ್ತಾಗಲ್ಲ, ಇಬ್ಬರನ್ನೂ ತಿನ್ನುತ್ತೆ. ಹಾಗಾಗಿ ವಿನೆಗರ್, ನಿಂಬೆ, ಹುಣಸೆಹಣ್ಣು ಯಾವುದೂ ಬೇಡ. ಸ್ಯಾಂಡ್ ಪೇಪರ್ ಅಂತೂ ಬೇಡವೇ ಬೇಡ.

ಹಾಗಾದ್ರೆ ಏನು ಮಾಡೋದು?

ಮೊದಲು, ಕೋವಿ ಖಾಲಿ ಇದೆಯಾ ನೋಡಿ. ಹಳೇ ಕೇಪಿನ ಕೋವಿಯಲ್ಲಿ ಎಷ್ಟೋ ವರ್ಷದ ಹಿಂದೆ ತುಂಬಿದ ಮದ್ದು ಹಾಗೇ ಇರಬಹುದು. ಬಾಯಿಯ ಎದುರು ನಿಲ್ಲದೆ, ಒಂದು ಮರದ ಕೋಲನ್ನ ಒಳಗೆ ಬಿಟ್ಟು, ಬಾಯಿಯ ಹತ್ತಿರ ಗುರುತು ಹಾಕಿ. ಅದೇ ಕೋಲನ್ನ ಹೊರಗಿಟ್ಟು ಅಳೆಯಿರಿ. ಕೇಪು ಕೂರುವ ಜಾಗದವರೆಗೆ ಬರಲಿಲ್ಲ ಅಂದ್ರೆ ಒಳಗೆ ಏನೋ ಇದೆ. ಅಲ್ಲಿಗೇ ನಿಲ್ಲಿಸಿ, ಲೈಸೆನ್ಸ್ ಇರುವ ಕೋವಿ ರಿಪೇರಿಯವರನ್ನ ಕರೆಸಿ.

ಎರಡನೇದು, ಒಣ ಬಿಳಿ ಬಟ್ಟೆಯಿಂದ ಒರೆಸಿ. ಕೆಂಪು ಪುಡಿ ಅಂಟಿದ್ರೆ ಅದು ತುಕ್ಕು. ಏನೂ ಅಂಟದೆ, ನಳಿಗೆ ಪೂರ್ತಿ ಒಂದೇ ಸಮ ನಯವಾದ ಕಂದು ಬಣ್ಣ ಇದ್ರೆ ಮುಟ್ಟಬೇಡಿ. ಹಳೇ ಕಾಲದಲ್ಲಿ ಬೇಕಂತಲೇ ಹಾಗೆ ಕಂದು ಮಾಡ್ತಿದ್ರು.

ಮೂರನೇದು, ಹೊಲಿಗೆ ಮಿಷನ್ ಎಣ್ಣೆ ಸವರಿ ಒಂದು ದಿನ ಬಿಡಿ. ಕೊಬ್ಬರಿ ಎಣ್ಣೆ ಬೇಡ. ಆಮೇಲೆ ನಾಲ್ಕು ಸೊನ್ನೆಯ, ಅಂದ್ರೆ 0000 ನಂಬರಿನ ಸ್ಟೀಲ್ ವುಲ್ಲನ್ನ ಎಣ್ಣೆಯಲ್ಲಿ ಅದ್ದಿ, ಮೊದಲು ಕಣ್ಣಿಗೆ ಬೀಳದ ಜಾಗದಲ್ಲಿ ಉಜ್ಜಿ ನೋಡಿ. ಬಣ್ಣ ಮಾಸದಿದ್ರೆ ಮಾತ್ರ ಮುಂದುವರಿಸಿ. ಕೈ ಹಗುರ ಇರಲಿ. ಎಣ್ಣೆ ಕೆಂಪಾದಾಗೆಲ್ಲ ಒರೆಸಿ, ಹೊಸದು ಹಾಕಿ. ಗಟ್ಟಿ ಗಂಟಿದ್ರೆ ತಾಮ್ರದ ಚೂರಿನಿಂದ ಕೆರೆಯಿರಿ; ತಾಮ್ರ ಉಕ್ಕಿಗಿಂತ ಮೆದು. ತುಕ್ಕು ತಿಂದ ಗುಳಿ ಹೋಗಲ್ಲ, ಅದನ್ನ ಬಿಟ್ಟುಬಿಡಿ.

ಕೊನೆಗೆ ಎಲ್ಲ ಒರೆಸಿ, ತೆಳ್ಳಗೆ ಎಣ್ಣೆ ಹಚ್ಚಿ. ಬರಿಗೈಲಿ ಮುಟ್ಟಬೇಡಿ, ಬೆವರಿನ ಉಪ್ಪು ಸಾಕು ಮತ್ತೆ ತುಕ್ಕು ಹಿಡಿಯೋಕೆ. ಚರ್ಮದ ಚೀಲದಲ್ಲಿ ಇಡಬೇಡಿ, ಅದು ತೇವ ಹಿಡಿದಿಟ್ಟುಕೊಳ್ಳುತ್ತೆ.

ಗೆಳೆಯ ಮಿಕ್ಕ ನಳಿಗೆಯನ್ನ ಹೀಗೇ ಉಳಿಸಿಕೊಂಡ, ನಾಲ್ಕು ಸಂಜೆ ಹಿಡೀತು. ಬೋಳಾದ ಗೇಣು ಬೋಳಾಗೇ ಇದೆ. ಹಬ್ಬದ ದಿನ ಅಜ್ಜಿ ಅದನ್ನ ಬೆರಳಲ್ಲಿ ಸವರಿ ನೋಡಿದ್ರಂತೆ. ಬೈಯಲಿಲ್ಲ. "ಮುಂದಿನ ವರ್ಷ ನನ್ನನ್ನ ಕೇಳಿ ಮಾಡು" ಅಂದ್ರಂತೆ. ಅಜ್ಜ ಬದುಕಿರೋವರೆಗೂ ಮಳೆಗಾಲದಲ್ಲಿ ಆ ಕೋವಿಗೆ ಎಣ್ಣೆ ಹಚ್ಚುತ್ತಿದ್ದವರು ಅವರೇ.

ನಿಮ್ಮನೇಲೂ ಹಳೇದೊಂದು ಏನಾದ್ರೂ ಇದ್ರೆ, ವಿಡಿಯೋ ನೋಡೋಕೆ ಮುಂಚೆ ಮನೆಯ ಹಿರಿಯರನ್ನ ಒಂದ್ಸಲ ಕೇಳಿ. ಮುಂದಿನ ವಾರ ಸಿಗೋಣ.