ಬಾಳು ಹಸನಾಗಲು ಕಾಲೇಜು ಬೇಕೇ?

(ಗ್ರಾಮದ ಸಭೆಯೊಂದರಲ್ಲಿ ಗ್ರಾಮಸೇವಕರು ಆಡಿದ ಮಾತುಗಳು)



ಹತ್ತನೆಯ ತರಗತಿಯ ಫಲಿತಾಂಶ ಬಂದಂದಿನಿಂದ, ಹೋದ ಹೋದ ಹಳ್ಳಿಯಲ್ಲಿ ಬೀಜ ಗೊಬ್ಬರಕ್ಕಿಂತ ಮಕ್ಕಳ ಓದಿನ ಮಾತೇ ಹೆಚ್ಚಾಗಿ ಕೇಳಿಬರುತ್ತಿದೆ. "ಮಗನನ್ನು ಕಾಲೇಜಿಗೆ ಸೇರಿಸಬೇಕು. ಒಂದೆಕರೆ ಮಾರಿಬಿಡಲೇ ಸ್ವಾಮಿ?" ಎಂದು ನಿಮ್ಮೂರಿನ ಹಿರಿಯರೊಬ್ಬರು ಮೊನ್ನೆ ಕೇಳಿದರು. ಅಂದು ನನಗೆ ಬಾಯಿ ಬರಲಿಲ್ಲ. ಇಂದು ಹೇಳುತ್ತೇನೆ.

ಮೊದಲು ನಮ್ಮ ಮನೆಯ ಸಂಗತಿ. ಅಣ್ಣನ ಓದಿಗೆಂದು ನಮ್ಮ ತಂದೆಯವರು ಬಾವಿಯ ಮಗ್ಗುಲಿನ ಒಂದೂವರೆ ಎಕರೆ ಮಾರಿದರು. ಅಣ್ಣ ಎರಡು ವರ್ಷ ಪಟ್ಟಣದಲ್ಲಿದ್ದ, ಪರೀಕ್ಷೆಯಲ್ಲಿ ತೇರ್ಗಡೆಯಾಗಲಿಲ್ಲ, ನಾಚಿಕೆಯಿಂದ ಆರು ತಿಂಗಳು ಊರಿಗೆ ಮುಖ ತೋರಿಸಲಿಲ್ಲ. ಚಿಕ್ಕಂದಿನಿಂದಲೂ ಅವನು ಪಂಪ್‌ಸೆಟ್ಟಿನ ಮೋಟಾರು ಬಿಚ್ಚಿ ಜೋಡಿಸುತ್ತಿದ್ದವನು. "ನಿನಗೆ ಏನು ಕಲಿಯಲು ಇಷ್ಟವಪ್ಪಾ?" ಎಂದು ಮನೆಯಲ್ಲಿ ಯಾರೂ ಕೇಳಲಿಲ್ಲ. ಈಗ ಅವನು ಮೋಟಾರು ರಿಪೇರಿ ಅಂಗಡಿ ಇಟ್ಟು ಮರ್ಯಾದೆಯಿಂದ ಸಂಸಾರ ನಡೆಸುತ್ತಿದ್ದಾನೆ. ಹೋದ ಜಮೀನು ಮಾತ್ರ ಮರಳಿ ಬರಲಿಲ್ಲ.

ಹಾಗೆಂದು ಕಾಲೇಜು ದಂಡವೆಂದು ನಾನು ಹೇಳುವುದಿಲ್ಲ. ಮಂಡ್ಯದ ವಿ.ಸಿ. ಫಾರಂನಲ್ಲಿ ದುಡಿದ ಲಕ್ಷ್ಮಣಯ್ಯನವರನ್ನು ಜನ 'ರಾಗಿ ಬ್ರಹ್ಮ' ಎಂದು ಕರೆದರು. ನಮ್ಮ ರಾಗಿಯನ್ನೂ ಆಫ್ರಿಕದ ರಾಗಿಯನ್ನೂ ಕೂಡಿಸಿ ಅವರು 'ಇಂಡಾಫ್' ತಳಿಗಳನ್ನು ಕೊಟ್ಟರು. ರಾಗಿಯ ಹೂವು ಎಷ್ಟು ಸಣ್ಣದೆಂದು ನಿಮಗೆ ಗೊತ್ತು. ಅಂಥ ಹೂವಿನಲ್ಲಿ ಸಂಕರ ಮಾಡುವುದಕ್ಕೆ ಶಾಸ್ತ್ರಜ್ಞಾನ ಬೇಕು. ಅಂಥ ಕೆಲಸಕ್ಕೆ ಮನಸ್ಸಿರುವ ಮಗುವನ್ನು, ಗಂಡಾಗಲಿ ಹೆಣ್ಣಾಗಲಿ, ಖಂಡಿತ ಕಾಲೇಜಿಗೆ ಕಳುಹಿಸಿ.

ಇನ್ನೊಬ್ಬರ ಕಥೆ ಕೇಳಿ. ದಕ್ಷಿಣ ಕನ್ನಡದ ಅಮೈ ಮಹಾಲಿಂಗ ನಾಯ್ಕರು ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಅವರಿಗೆ ಸಿಕ್ಕಿದ್ದು ನೀರಿಲ್ಲದ ಗುಡ್ಡದ ಇಳಿಜಾರು. ಹಗಲು ಕೂಲಿ ಮಾಡಿ, ಉಳಿದ ಹೊತ್ತಿನಲ್ಲಿ ಒಬ್ಬರೇ ಗುಡ್ಡದೊಳಕ್ಕೆ ಸುರಂಗ ಕೊರೆದರು. ಒಂದರ ಮೇಲೊಂದು ಹಲವು ಸುರಂಗಗಳಲ್ಲಿ ನೀರು ಸಿಗಲಿಲ್ಲ. ಅವರು ಕೈಬಿಡಲಿಲ್ಲ. ಕೊನೆಗೆ ನೀರು ಬಂತು. ಪಂಪಿನ ಹಂಗಿಲ್ಲದೆ ತಾನೇ ಹರಿಯಿತು. ಬೋಳು ಗುಡ್ಡ ಅಡಿಕೆ ತೋಟವಾಯಿತು. ೨೦೨೨ರಲ್ಲಿ ಸರ್ಕಾರ ಅವರಿಗೆ ಪದ್ಮಶ್ರೀ ಕೊಟ್ಟಿತು. ಇವರಿಗೆ ಪದವಿ ಇಲ್ಲ. ಆದರೆ ಸೋತ ಒಂದೊಂದು ಸುರಂಗವೂ ಇವರಿಗೆ ಒಂದೊಂದು ಪಾಠವಾಯಿತು.

ಆದುದರಿಂದ ಕಲಿಕೆ ಎಲ್ಲರಿಗೂ ಬೇಕು, ಕಾಲೇಜು ಕೆಲವರಿಗೆ ಬೇಕು. ಇದೇ ನನ್ನ ಅಭಿಪ್ರಾಯ. ಹತ್ತನೆಯ ತರಗತಿ ಮುಗಿದವರಿಗೆ ದಾರಿಗಳು ಹಲವು ಇವೆ. ಐ.ಟಿ.ಐ.ಯಲ್ಲಿ ಎಲೆಕ್ಟ್ರಿಷಿಯನ್, ಫಿಟ್ಟರ್ ಕೆಲಸಗಳನ್ನು ಎರಡು ವರ್ಷದಲ್ಲಿ ಕಲಿಯಬಹುದು. ನಾನು ಓದಿದ ಕೃಷಿ ಡಿಪ್ಲೊಮವೂ ಎರಡೇ ವರ್ಷದ್ದು.

ಕಾಲೇಜೇ ಬೇಕೆಂದು ತೀರ್ಮಾನವಾದರೂ ಜಮೀನಿಗೆ ಮೊದಲೇ ಕೈಹಾಕಬೇಡಿ. ಬ್ಯಾಂಕುಗಳ ಮಾದರಿ ಶಿಕ್ಷಣ ಸಾಲ ಯೋಜನೆಯಲ್ಲಿ ೭.೫ ಲಕ್ಷ ರೂಪಾಯಿಗಳವರೆಗೆ ಆಸ್ತಿಯ ಅಡಮಾನ ಬೇಕಿಲ್ಲ. ತಂದೆ ಅಥವಾ ತಾಯಿ ಜೊತೆಗೆ ಸಹಿ ಹಾಕಬೇಕು. ಆದರೆ ಸಾಲ ಸಾಲವೇ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು. ಮಗು ಯಾವ ಓದಿಗೆ ಸೇರುತ್ತದೆ, ಅದು ಮುಗಿದ ಮೇಲೆ ಯಾವ ಕೆಲಸ ಸಿಗುತ್ತದೆ ಎಂಬುದನ್ನು ಅದನ್ನೇ ಓದಿ ಮುಗಿಸಿದ ಇಬ್ಬರನ್ನು ಕೇಳಿ ತಿಳಿದು ಮುಂದುವರಿಯಿರಿ.

ಆ ಹಿರಿಯರು ಇಲ್ಲಿಯೇ ಕುಳಿತಿದ್ದಾರೆ. ಅವರಿಗೆ ನನ್ನ ಉತ್ತರ ಇಷ್ಟೇ: ಯಜಮಾನರೇ, ಎಕರೆಯ ಮಾತು ಇವತ್ತಿಗೆ ಬಿಡಿ. ರಾತ್ರಿ ಊಟಕ್ಕೆ ಕುಳಿತಾಗ ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಅವನಿಗೆ ಏನು ಕಲಿಯಲು ಇಷ್ಟವೆಂದು ಕೇಳಿ. ನಮ್ಮ ಮನೆಯಲ್ಲಿ ಕೇಳದೆ ಉಳಿದ ಮಾತು ಅದು.